ಐವತ್ತಾರು ವರ್ಷ ಟೇಪಿನೊಳಗೆ ಅಡಗಿದ್ದ ‘ರಿವಾಲ್ವರ್’

ಎಲ್ಲ ಬಿಟ್ಟು ಮೊದಲು ‘ರೇನ್’ ಹಾಡಿನ ಐದನೇ ಟೇಕ್ ಕೇಳಿ. ಬೀಟಲ್ಸ್ ಅಭಿಮಾನಿಗಳಿಗೆ ಈ ಹಾಡು ಕಂಠಪಾಠ. ಡ್ರಮ್ಮು ಭಾರ, ಗಿಟಾರು ಭಾರ, ಒಂದೊಂದು ಪೆಟ್ಟೂ ನೆಲಕ್ಕಿಳಿದು ಅಲ್ಲೇ ತುಸು ಹೊತ್ತು ಕೂತು ಆಮೇಲೆ ಮೇಲೇಳುತ್ತದೆ. ಐದನೇ ಟೇಕಿನಲ್ಲಿ ಅದೇ ಹಾಡು ದೌಡಾಯಿಸುತ್ತದೆ! ರಿಂಗೋ ಸ್ಟಾರ್ ಕೈ ಎಲ್ಲಿದೆ ಎಂದು ಹಿಡಿಯುವಷ್ಟರಲ್ಲಿ ಅದು ಇನ್ನೊಂದು ಡ್ರಮ್ಮಿನ ಮೇಲಿರುತ್ತದೆ. ಗಿಟಾರು ಝಣಝಣ ಎನ್ನುತ್ತ ಹಿಂದೆಯೇ ಓಡಿ ಬರುತ್ತದೆ. ನಾಲ್ವರೂ ಸ್ಟುಡಿಯೊದಲ್ಲಿ ಕೂತು ನುಡಿಸಿದ್ದು ಹೀಗೆ, ಇಷ್ಟು ರಭಸದಲ್ಲಿ. ಆಮೇಲೆ ಟೇಪಿನ ವೇಗ ತಗ್ಗಿಸಿದರು; ಶ್ರುತಿ ಇಳಿಯಿತು, ನಾದ ದಪ್ಪವಾಯಿತು, ನಮಗೆ ಗೊತ್ತಿರುವ ಆ ತೂಕ ಬಂತು. ಈ ವಿಷಯ ಪುಸ್ತಕಗಳಲ್ಲಿತ್ತು, ಓದಿದ್ದೆವು, ತಲೆದೂಗಿದ್ದೆವು. ಕಿವಿಯಾರೆ ಕೇಳಿರಲಿಲ್ಲ. ಈಗ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅದರ ಬೆನ್ನಿಗೇ, ಅದೇ ಟೇಕನ್ನು ನಿಧಾನಗೊಳಿಸಿದ ರೂಪವನ್ನೂ ಇಟ್ಟಿದ್ದಾರೆ. ಎರಡನ್ನೂ ಒಂದಾದ ಮೇಲೊಂದರಂತೆ ಕೇಳಿದವರು ಮತ್ತೆ ಹಿಂದಕ್ಕೆ ಹೋಗಿ ಕೇಳದೆ ಮುಂದಿನ ಹಾಡಿಗೆ ದಾಟುವುದಿಲ್ಲ. ತಾನು ನುಡಿಸಿದ ಡ್ರಮ್ಮುಗಳಲ್ಲೆಲ್ಲ ಇದೇ ಶ್ರೇಷ್ಠ ಎಂದು ರಿಂಗೋ ಹಲವು ಸಲ ಹೇಳಿದ್ದಾರೆ. ಏಕೆ ಎಂದು ಈಗ ಗೊತ್ತಾಗುತ್ತದೆ.

2022ರ ಅಕ್ಟೋಬರ್ 28ರಂದು ಹೊರಬಂದ ‘ರಿವಾಲ್ವರ್’ ಸೂಪರ್ ಡೀಲಕ್ಸ್ ಬಾಕ್ಸ್ ಸೆಟ್‌ನಲ್ಲಿರುವುದು ಇಂಥ ಬೆರಗುಗಳೇ. ಮೂಲ ಆಲ್ಬಮ್ ಇಂಗ್ಲೆಂಡಿನಲ್ಲಿ ಬಿಡುಗಡೆಯಾದದ್ದು 1966ರ ಆಗಸ್ಟ್ 5ರಂದು. ಹದಿನಾಲ್ಕು ಹಾಡು, ಒಟ್ಟು ಮೂವತ್ತೈದು ನಿಮಿಷ. ಬಾಕ್ಸ್ ಸೆಟ್‌ನಲ್ಲಿ ಐದು ಸಿ.ಡಿ., 63 ಟ್ರ್ಯಾಕು. ಒಂದರಲ್ಲಿ ಜೈಲ್ಸ್ ಮಾರ್ಟಿನ್ ಮತ್ತು ಸ್ಯಾಮ್ ಒಕೆಲ್ ಮಾಡಿದ ಹೊಸ ಸ್ಟೀರಿಯೊ ಮಿಕ್ಸು. ಒಂದರಲ್ಲಿ 1966ರ ಮೂಲ ಮೊನೊ. ಇನ್ನೊಂದರಲ್ಲಿ ಅದೇ ದಿನಗಳಲ್ಲಿ ಮುದ್ರಿಸಿದ ‘ಪೇಪರ್‌ಬ್ಯಾಕ್ ರೈಟರ್’, ‘ರೇನ್’ ಹಾಡುಗಳ ನಾಲ್ಕು ರೂಪ. ಉಳಿದ ಎರಡು ಡಿಸ್ಕುಗಳಲ್ಲಿ ನಿಜವಾದ ನಿಧಿಯಿದೆ: 31 ಟ್ರ್ಯಾಕುಗಳಲ್ಲಿ ಅರ್ಧಂಬರ್ಧ ಹಾಡು, ಬಿಟ್ಟುಬಿಟ್ಟ ರೂಪ, ಮನೆಯಲ್ಲಿ ಗುನುಗಿಕೊಂಡ ಹಾಡು, ಸ್ಟುಡಿಯೊ ಹರಟೆ. ಜೊತೆಗೆ ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ. ಪಾಲ್ ಮೆಕಾರ್ಟ್ನಿ ಮುನ್ನುಡಿ ಬರೆದಿದ್ದಾರೆ, ಡ್ರಮ್ಮರ್ ಕ್ವೆಸ್ಟ್‌ಲವ್ ಒಂದು ಪ್ರಬಂಧ ಬರೆದಿದ್ದಾರೆ, ಹಾಡು ಹಾಡಿನ ಚರಿತ್ರೆ ಕೆವಿನ್ ಹೌಲೆಟ್ ಅವರದು.

ಅಭಿಮಾನಿಗಳ ಮಾತು ಅಂದು ಶುರುವಾದದ್ದು ಇನ್ನೂ ನಿಂತಿಲ್ಲ. ಎಲ್ಲಿ ಇಬ್ಬರು ಸೇರಿದರೂ ಅದೇ ಪ್ರಶ್ನೆ: ನಿಮಗೆ ಮೊದಲು ಮೈ ಜುಮ್ಮೆಂದದ್ದು ಎಲ್ಲಿ? ಒಬ್ಬರಿಗೆ ‘ಫಾರ್ ನೋ ಒನ್’ ಹಾಡಿನ ಬರಿಯ ಪಕ್ಕವಾದ್ಯದಲ್ಲಿ, ಮತ್ತೊಬ್ಬರಿಗೆ ‘ಐಯಾಮ್ ಓನ್ಲಿ ಸ್ಲೀಪಿಂಗ್’ ತಾಲೀಮಿನ ತುಣುಕಿನಲ್ಲಿ ಇದ್ದಕ್ಕಿದ್ದ ಹಾಗೆ ಕೇಳಿಬರುವ ವೈಬ್ರಫೋನಿನಲ್ಲಿ. ಅರ್ಧ ಶತಮಾನ ಕಾಲ ಕೇಳಿ ಕೇಳಿ, ಈ ಹಾಡು ಹೀಗಲ್ಲದೆ ಬೇರೆ ಹೇಗೂ ಇರಲು ಸಾಧ್ಯವಿಲ್ಲ ಎಂದು ನಂಬಿದ್ದವರಿಗೆ, ಒಂದೊಂದು ಹಾಡೂ ಹತ್ತಾರು ಬೇರೆ ಹಾಡುಗಳಾಗಬಹುದಿತ್ತು, ಆಗುತ್ತಲೂ ಇತ್ತು ಎಂದು ಗೊತ್ತಾದರೆ ಹೇಗಿರಬೇಡ!

‘ಗಾಟ್ ಟು ಗೆಟ್ ಯೂ ಇನ್‌ಟು ಮೈ ಲೈಫ್’ ತೆಗೆದುಕೊಳ್ಳಿ. ಕಹಳೆಗಳು ಮೊಳಗುವ ಹಾಡು ಅದು; ಟ್ರಂಪೆಟ್ಟು, ಸ್ಯಾಕ್ಸೊಫೋನು ಇಲ್ಲದೆ ಅದನ್ನು ಊಹಿಸುವುದೇ ಕಷ್ಟ. ಇಲ್ಲಿ ಕೇಳಿದರೆ ಏಪ್ರಿಲ್ 7ರ ಮೊದಲ ರೂಪದಲ್ಲಿ ಕಹಳೆಯ ಸುಳಿವೇ ಇಲ್ಲ. ಆರ್ಗನ್ ಇಟ್ಟುಕೊಂಡು ಮೆಲ್ಲಗೆ, ಭಕ್ತಿಯಿಂದ ಎನ್ನುವ ಹಾಗೆ ಹಾಡುತ್ತಿದ್ದಾರೆ. ಅದಾದ ಮೇಲಿನ ರೂಪದಲ್ಲಿ, ಮುಂದೆ ಕಹಳೆ ಊದುವ ಜಾಗಗಳಲ್ಲೆಲ್ಲ ಒಡಕು ದನಿಯ ಗಿಟಾರು ಅಬ್ಬರಿಸುತ್ತಿದೆ. ಕಹಳೆಯವರು ಬಂದದ್ದು ಮೇ 18ರಂದು. ಅಂದರೆ ಆರು ವಾರ ಈ ಹಾಡು ಇನ್ನೊಂದೇ ಹಾಡಾಗಿ ಬದುಕಿತ್ತು! ‘ಆ್ಯಂಡ್ ಯುವರ್ ಬರ್ಡ್ ಕ್ಯಾನ್ ಸಿಂಗ್’ ಕತೆ ಇನ್ನೂ ವಿಚಿತ್ರ. ಏಪ್ರಿಲ್ 20ರಂದು ಮುಗಿಸಿದ ಒಂದು ಪೂರ್ತಿ ರೂಪವನ್ನು ಬದಿಗೆ ತಳ್ಳಿ, ಆರು ದಿನ ಬಿಟ್ಟು ಮೊದಲಿನಿಂದ ಮತ್ತೆ ನುಡಿಸಿದರು. ಬದಿಗೆ ತಳ್ಳಿದ್ದು ಎಷ್ಟು ಚೆನ್ನಾಗಿದೆ ಎಂದರೆ, ಬೇರೆ ಯಾವ ತಂಡವಾದರೂ ಅದನ್ನೇ ಎದೆಗವಚಿಕೊಂಡು ಬಿಡುಗಡೆ ಮಾಡುತ್ತಿತ್ತು. ಆ ಮೊದಲ ರೂಪದ ಮೇಲೆ ಹಾಡುತ್ತ ಹಾಡುತ್ತ ಲೆನನ್, ಮೆಕಾರ್ಟ್ನಿ ಇಬ್ಬರಿಗೂ ನಗು ಹತ್ತಿಕೊಂಡು, ತಡೆಯಲಾಗದೆ, ಸಾಲು ತಪ್ಪಿ ಮತ್ತೆ ನಗುವ ಒಂದು ಟ್ರ್ಯಾಕಿದೆ. 1996ರ ‘ಆಂಥಾಲಜಿ 2’ರಲ್ಲಿ ಈ ನಗೆಯನ್ನು ಕೇಳಿದ್ದೆವು. ನಗೆ ಇಲ್ಲದೆ ಅದೇ ಟೇಕನ್ನು ಕೇಳಲು 2022ರವರೆಗೆ ಕಾಯಬೇಕಾಯಿತು.

ಇಷ್ಟು ವರ್ಷ ಏಕೆ ಬೇಕಾಯಿತು? ‘ಸಾರ್ಜೆಂಟ್ ಪೆಪರ್’ ಬಾಕ್ಸ್ 2017ರಲ್ಲೇ ಬಂತು, ವೈಟ್ ಆಲ್ಬಮ್ 2018ರಲ್ಲಿ, ‘ಅಬ್ಬೆ ರೋಡ್’ 2019ರಲ್ಲಿ, ‘ಲೆಟ್ ಇಟ್ ಬಿ’ 2021ರಲ್ಲಿ. ಅವೆಲ್ಲಕ್ಕಿಂತ ಹಳೆಯದಾದ ‘ರಿವಾಲ್ವರ್’ ಮಾತ್ರ ಹಿಂದೆ ಉಳಿಯಿತು. ಕಾರಣ ಇಎಂಐ ಸ್ಟುಡಿಯೊದ ಅಂದಿನ ಟೇಪಿನಲ್ಲಿತ್ತು. ಅದರಲ್ಲಿದ್ದದ್ದು ನಾಲ್ಕೇ ಟ್ರ್ಯಾಕು. ನಾಲ್ಕೂ ತುಂಬಿದ ಮೇಲೆ ಜಾಗ ಬೇಕಾದರೆ ಎರಡು ಮೂರನ್ನು ಒಂದಾಗಿ ಬೆರೆಸಿ ಇನ್ನೊಂದು ಟೇಪಿಗೆ ಇಳಿಸಬೇಕು. ‘ಟ್ಯಾಕ್ಸ್‌ಮನ್’ ಹಾಡಿನಲ್ಲಿ ಡ್ರಮ್ಮು, ಬೇಸು, ಗಿಟಾರು ಮೂರೂ ಒಂದೇ ಟ್ರ್ಯಾಕಿನಲ್ಲಿ ಕೂತಿದ್ದವು. ಹಾಗಾಗಿ 1966ರ ಸ್ಟೀರಿಯೊದಲ್ಲಿ ಆ ಮೂರೂ ಎಡಗಿವಿಗೆ ಅಂಟಿಕೊಂಡಿವೆ. ಒಂದನ್ನು ಅಲುಗಿಸಿದರೆ ಉಳಿದೆರಡೂ ಅಲುಗುತ್ತವೆ. ರೀಮಿಕ್ಸ್ ಮಾಡುವುದಾದರೂ ಹೇಗೆ?

ದಾರಿ ಸಿಕ್ಕಿದ್ದು ನ್ಯೂಜಿಲೆಂಡಿನಲ್ಲಿ. ಪೀಟರ್ ಜಾಕ್ಸನ್ 2021ರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕೆ ದುಡಿಯುವಾಗ, ಒಂದೇ ಮೈಕಿನಲ್ಲಿ ಗಿಟಾರಿನ ಗದ್ದಲದೊಳಗೆ ಹುದುಗಿ ಹೋಗಿದ್ದ ಮಾತುಗಳನ್ನು ಹೊರತೆಗೆಯಲು ಎಮಿಲ್ ಡಿ ಲಾ ರೇ ಮುಂದಾಳಾಗಿದ್ದ ತಂಡ ಒಂದು ತಂತ್ರಾಂಶವನ್ನು ಪಳಗಿಸಿತು. ಇದು ಗಿಟಾರಿನ ದನಿ, ಇದು ರಿಂಗೋನ ಡ್ರಮ್ಮು, ಇದು ಪಾಲ್‌ನ ಕಂಠ ಎಂದು ಯಂತ್ರಕ್ಕೆ ಕಲಿಸಿ ಕಲಿಸಿ, ಕೊನೆಗೆ ಬೆರೆತುಹೋದ ಟೇಪಿನಿಂದ ಒಂದೊಂದನ್ನೇ ಬಿಡಿಸುವಂತೆ ಮಾಡಿದರು. ಅದಕ್ಕೆ ಮ್ಯಾಲ್ ಎಂದು ಹೆಸರು. ಬೀಟಲ್ಸ್ ಹಿಂದೆ ನೆರಳಿನಂತೆ ಇದ್ದ ಸಹಾಯಕ ಮ್ಯಾಲ್ ಇವಾನ್ಸ್ ನೆನಪು ಅದರಲ್ಲಿದೆ. ಬೆಂದ ಬಿಸಿಬೇಳೆಬಾತಿನಿಂದ ಅಕ್ಕಿ, ಬೇಳೆ, ಹುಣಸೆಹಣ್ಣನ್ನು ಹಸಿಹಸಿಯಾಗಿ ಹೊರತೆಗೆದು ಅದರದರ ಡಬ್ಬಿಗೆ ತುಂಬಿದ ಹಾಗೆ! ಆಗದ ಮಾತು ಎಂದುಕೊಂಡಿದ್ದದ್ದು ಆಗಿಹೋಯಿತು.

ಹೊಸ ‘ಟ್ಯಾಕ್ಸ್‌ಮನ್’ ಕೇಳುವಾಗ ಆ ಬೇಸಿನ ಮೇಲೆ ಗಮನವಿಡಿ. ಪಾಲ್ ತಂತಿ ಮೀಟಿ ಬೆರಳನ್ನು ಮೇಲಕ್ಕೆ ಜಾರಿಸುವ ಸದ್ದು ನಡುವಿನಿಂದ, ನೇರ ಎದೆಗೇ ಬರುತ್ತದೆ. ಆ ಚೂಪಾದ ಗಿಟಾರ್ ಸೋಲೊ ಕೂಡ ಪಾಲ್‌ನದೇ. ಹಾಡು ಬರೆದದ್ದು ಜಾರ್ಜ್ ಹ್ಯಾರಿಸನ್, ಸೋಲೊ ನುಡಿಸಿದ್ದು ಪಾಲ್. ಅಂಥ ದಿನಗಳು ಅವು.

ಜಗಳವೂ ಇದೆ, ಇರಬೇಕಾದ್ದೇ. ಅಭಿಮಾನಿಗಳಲ್ಲಿ ಒಂದು ಬಣ ಮೊನೊವನ್ನು ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. 1966ರಲ್ಲಿ ಇಂಗ್ಲೆಂಡಿನ ಮನೆಮನೆಗಳಲ್ಲಿ ತಿರುಗುತ್ತಿದ್ದದ್ದು ಮೊನೊ ತಟ್ಟೆಯೇ. ತಂಡವೂ ನಿರ್ಮಾಪಕ ಜಾರ್ಜ್ ಮಾರ್ಟಿನ್ನರೂ ಕೂತು ತಿದ್ದಿದ್ದು ಅದನ್ನೇ. ಇನ್ನೊಂದು ಬಣಕ್ಕೆ ಮೂಲ ಸ್ಟೀರಿಯೊ ಮಿಕ್ಸನ್ನು ಬಾಕ್ಸಿನಲ್ಲಿ ಇಡದೆ ಬಿಟ್ಟದ್ದು ಸಿಟ್ಟು ತರಿಸಿದೆ. ಎಡಗಿವಿ ಬಲಗಿವಿ ಎಂದು ಹರಿದು ಹಂಚಿದ್ದರೂ ಎಷ್ಟೋ ಜನ ಬೆಳೆದದ್ದು ಅದನ್ನು ಕೇಳಿಕೊಂಡೇ ತಾನೆ! ಮತ್ತೊಂದು ಬಣ, ಹಿಂದಿನ ನಾಲ್ಕೂ ಬಾಕ್ಸುಗಳಲ್ಲಿ ಕೊಟ್ಟಿದ್ದ ಬ್ಲೂ-ರೇ ಡಿಸ್ಕನ್ನು ಇದರಲ್ಲಿ ಏಕೆ ಕೊಡಲಿಲ್ಲ, ಡಾಲ್ಬಿ ಅಟ್ಮಾಸ್ ಮಿಕ್ಸನ್ನು ಸ್ಟ್ರೀಮಿಂಗಿನಲ್ಲಿ ಮಾತ್ರ ಏಕೆ ಬಿಟ್ಟರು ಎಂದು ಇವತ್ತಿಗೂ ಕೇಳುತ್ತದೆ. ಅವರ ಮಾತು ನ್ಯಾಯವಾದದ್ದು. ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಇನ್ನೆರಡು ಡಿಸ್ಕಿಗೆ ಜಾಗವಿತ್ತು. ರೀಮಿಕ್ಸ್ ಮಾಡುವುದೇ ಅಪಚಾರ ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮೂಲ ಎಲ್ಲಿಗೂ ಹೋಗಿಲ್ಲ. ಹೊಸದು ಅದರ ಪಕ್ಕದಲ್ಲಿ ನಿಂತು ಕೈ ಮಾಡಿ ತೋರಿಸುತ್ತದೆ: ನೋಡಿ, ಇಲ್ಲೊಂದು ಟ್ಯಾಂಬರಿನ್ ಇತ್ತು, ಇಲ್ಲಿ ಯಾರೋ ಉಸಿರೆಳೆದುಕೊಂಡಿದ್ದರು.

ಈಗ ಈ ಪೆಟ್ಟಿಗೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಜಾಗಕ್ಕೆ ಬರುತ್ತೇನೆ. ‘ಯೆಲ್ಲೊ ಸಬ್‌ಮರೀನ್’!

ಪ್ರಪಂಚದಾದ್ಯಂತ ಮಕ್ಕಳು ಹಾಡುವ ಹಾಡು. ರಿಂಗೋನ ಮುದ್ದು ಕಂಠ, ಗಂಟೆ, ಸೀಟಿ, ನೀರಿನ ಗುಳುಗುಳು. ಇದು ಪಾಲ್‌ನ ಕೂಸು ಎಂಬುದು ಎಲ್ಲರೂ ಒಪ್ಪಿಕೊಂಡಿದ್ದ ಮಾತು; ನಿದ್ದೆಗೆ ಜಾರುವ ಹೊತ್ತಿನಲ್ಲಿ ಹೊಳೆದದ್ದು ಎಂದು ಪಾಲ್ ಹೇಳಿದ್ದೂ ಉಂಟು. ಮೂರನೇ ಡಿಸ್ಕಿನಲ್ಲಿ ಒಂದು ಮನೆಟೇಪು ಇದೆ. ಹಾಕಿದರೆ ಅಕೂಸ್ಟಿಕ್ ಗಿಟಾರು, ಅದರ ಮೇಲೆ ಜಾನ್ ಲೆನನ್ ಒಬ್ಬನೇ. ಹಾಡುತ್ತಿರುವುದು ಅದೇ ಹಾಡಿನ ಚರಣದ ಮಟ್ಟು, ಆದರೆ ಜಲಾಂತರ್ಗಾಮಿಯ ಸುದ್ದಿಯೇ ಇಲ್ಲ. ಹುಟ್ಟಿದ ಊರಿನಲ್ಲಿ ತನ್ನನ್ನು ಕೇಳುವವರೇ ಇರಲಿಲ್ಲ ಎಂಬ ಅರ್ಥದ ಸಾಲುಗಳು! ದನಿಯಲ್ಲಿ ಆಟವಿಲ್ಲ, ತಮಾಷೆಯಿಲ್ಲ. ಹಡಗಿನಲ್ಲಿ ಕೆಲಸ ಮಾಡುತ್ತ ಮನೆ ಬಿಟ್ಟುಹೋದ ಅಪ್ಪ, ಮಗನನ್ನು ಅಕ್ಕ ಮಿಮಿಯ ಮಡಿಲಿಗೆ ಹಾಕಿದ ಅಮ್ಮ ಜೂಲಿಯಾ, ಅವಳೂ 1958ರಲ್ಲಿ ಕಾರು ಬಡಿದು ತೀರಿಕೊಂಡದ್ದು, ಇದೆಲ್ಲ ಗೊತ್ತಿರುವವರು ಈ ಒಂದು ನಿಮಿಷವನ್ನು ಕೇಳುತ್ತ ಕೂರುವುದು ಸುಲಭವಲ್ಲ. 1970ರಲ್ಲಿ ಲೆನನ್ ತಾಯಿಯ ಬಗ್ಗೆ ಎದೆ ಬಿರಿಯುವಂತೆ ಹಾಡಿದ. ಆ ನೋವಿನ ಒಂದು ಎಳೆ 1966ರಲ್ಲೇ, ಮಕ್ಕಳ ಹಾಡೊಂದರ ಹೊಟ್ಟೆಯೊಳಗೆ ಇತ್ತು ಎಂದು ಯಾರು ಎಣಿಸಿದ್ದರು?

ಅಷ್ಟಕ್ಕೇ ಮುಗಿಯುವುದಿಲ್ಲ. ಎರಡನೇ ಭಾಗದಲ್ಲಿ ಪಾಲ್ ಇದ್ದಾನೆ. ಇಬ್ಬರೂ ಎದುರುಬದುರು ಕೂತು ಹೊಲಿಗೆ ಹಾಕುತ್ತಿದ್ದಾರೆ. ಜಾನ್‌ನ ದುಃಖದ ಚರಣ ತಿರುಗಿ ನಾವಿಕನ ಕತೆಯಾಗುತ್ತದೆ, ಪಾಲ್‌ನ ಪಲ್ಲವಿ ಬಂದು ಕೂಡಿಕೊಳ್ಳುತ್ತದೆ, ದುಃಖ ನಮ್ಮ ಕಿವಿಯ ಮುಂದೆಯೇ ಜಾತ್ರೆಯಾಗಿಬಿಡುತ್ತದೆ. ಲೆನನ್-ಮೆಕಾರ್ಟ್ನಿ ಎಂಬ ಜೋಡಿಹೆಸರನ್ನು ಎಷ್ಟು ತಟ್ಟೆಗಳ ಮೇಲೆ ಓದಿದ್ದೇವೆ! ಆ ಜೋಡಿ ಕೆಲಸ ಮಾಡುತ್ತಿರುವುದನ್ನು ಹೀಗೆ ಹತ್ತಿರದಿಂದ ಕೇಳುವ ಅವಕಾಶ ಬಲು ಅಪರೂಪ. ಅಭಿಮಾನಿಗಳ ಮಾತುಕತೆಯಲ್ಲಿ ಈ ಬಾಕ್ಸಿನ ಬೇರೆ ಯಾವ ಟ್ರ್ಯಾಕಿಗಿಂತ ಹೆಚ್ಚು ಸಲ ಇದರ ಪ್ರಸ್ತಾಪ ಬರುವುದು ಸಹಜವೇ. ಆಮೇಲೆ ಮುಂದಿನ ಟ್ರ್ಯಾಕಿನಲ್ಲಿ ಹಾಡು ಸ್ಟುಡಿಯೊಗೆ ಬಂದಿರುತ್ತದೆ. ಅದರಾಚೆಯದರಲ್ಲಿ ಸರಪಳಿ, ಗಂಟೆ, ಸೀಟಿಗಳ ಗದ್ದಲವೆಲ್ಲ ಸೇರಿರುತ್ತದೆ. ರೋಲಿಂಗ್ ಸ್ಟೋನ್ಸ್‌ನ ಬ್ರಯನ್ ಜೋನ್ಸ್, ಮರಿಯಾನ್ ಫೇತ್‌ಫುಲ್ ಅಂದು ಅಲ್ಲಿಗೆ ಬಂದು ಗದ್ದಲಕ್ಕೆ ಕೈಗೂಡಿಸಿದ್ದರು, ಮ್ಯಾಲ್ ಇವಾನ್ಸ್ ದೊಡ್ಡ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ಬಾರಿಸುತ್ತ ಸ್ಟುಡಿಯೊ ಸುತ್ತಿದ್ದರು.

ಇದೇ ಹಾಡಿನ ಜೊತೆ ಸಿಂಗಲ್ ತಟ್ಟೆಯ ಇನ್ನೊಂದು ಬದಿಯಲ್ಲಿ ಬಂದದ್ದು ‘ಎಲಿನರ್ ರಿಗ್ಬಿ’. ಅದರಲ್ಲಿ ಬೀಟಲ್ಸ್ ಯಾರೂ ವಾದ್ಯ ಮುಟ್ಟಿಲ್ಲ. ನಾಲ್ಕು ಪಿಟೀಲು, ಎರಡು ವಯೋಲಾ, ಎರಡು ಚೆಲ್ಲೊ, ಅಷ್ಟೇ. ಏಪ್ರಿಲ್ 28ರ ಆ ಸಂಜೆ ಎರಡನೇ ಟೇಕಿಗೆ ಮುಂಚಿನ ಮಾತುಕತೆಯನ್ನು ಇಲ್ಲಿ ಇಟ್ಟಿದ್ದಾರೆ. ಚರ್ಚೆ ಗಮಕದಂಥ ಆ ಕಂಪನದ ಬಗ್ಗೆ: ಸ್ವರವನ್ನು ಅಲುಗಿಸಿ ನುಡಿಸಬೇಕೋ, ನೇರವಾಗಿ ಒಣದಾಗಿ ನುಡಿಸಬೇಕೋ. ಜಾರ್ಜ್ ಮಾರ್ಟಿನ್ ಎರಡೂ ರೀತಿ ನುಡಿಸಿ ತೋರಿಸಲು ಹೇಳುತ್ತಾರೆ. ವಾದಕರು ನುಡಿಸುತ್ತಾರೆ. ವ್ಯತ್ಯಾಸ ಗೊತ್ತಾಯಿತೇ ಎಂದರೆ, ಪಾಲ್‌ಗೆ ಅಷ್ಟೇನೂ ಗೊತ್ತಾಗಿಲ್ಲ! ಇಪ್ಪತ್ತಮೂರು ವರ್ಷದ ಹುಡುಗ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಓದು ಬರಹ ಇಲ್ಲದವನು, ಎದುರಿಗೆ ನುರಿತ ಎಂಟು ಮಂದಿ. ಗೊತ್ತಾಗಲಿಲ್ಲ ಎಂದು ಸರಳವಾಗಿ ಹೇಳುತ್ತಾನೆ. ನನಗೆ ಅವನ ಮೇಲಿನ ಪ್ರೀತಿ ಈ ಟ್ರ್ಯಾಕಿನಿಂದ ಇನ್ನೂ ಹೆಚ್ಚಾಯಿತು. ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಆಗ ಇಪ್ಪತ್ತೇ ವರ್ಷ. ಆತ ಮೈಕುಗಳನ್ನು ತಂತಿಯ ಮೂತಿಗೇ ತಂದಿಟ್ಟಿದ್ದ. ಹಾಗೆ ಇಡುವುದು ರೂಢಿಯಲ್ಲೇ ಇರಲಿಲ್ಲ. ವಾದಕರು ಮುಜುಗರಪಟ್ಟು ಕುರ್ಚಿ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರಂತೆ. ಕಮಾನು ತಂತಿಗೆ ತಾಗಿ ಕಚ್ಚುವ ಆ ಸದ್ದು ಬಂದದ್ದು ಆ ಹಟದಿಂದ. ಪಾಲ್‌ನ ದನಿಯಿಲ್ಲದ ಎರಡನೇ ಟೇಕ್ ಕೇಳಿ, ಬೆಳಗಾತ ಒಬ್ಬರೇ ಕೂತು ಕೇಳಿ. ಎರಡು ನಿಮಿಷದಲ್ಲಿ ಎಂಟು ವಾದ್ಯಗಳು ಒಂದಿಡೀ ಊರಿನ ಒಂಟಿತನವನ್ನು ಕಟ್ಟಿಬಿಡುತ್ತವೆ.

ಕನ್ನಡಿಗರು ಕಿವಿ ನಿಮಿರಿಸಬೇಕಾದ ಹಾಡು ಇನ್ನೊಂದಿದೆ: ಹ್ಯಾರಿಸನ್‌ನ ‘ಲವ್ ಯೂ ಟು’. ಹಿಂದಿನ ವರ್ಷದ ‘ನಾರ್ವೀಜಿಯನ್ ವುಡ್’ನಲ್ಲಿ ಸಿತಾರ್ ಬಂದಿತ್ತು, ನಿಜ, ಆದರೆ ಅಲ್ಲಿ ಅದು ಗಿಟಾರಿನ ಜಾಗದಲ್ಲಿ ಕೂತಿತ್ತು. ಇಲ್ಲಿ ಆಲಾಪವಿದೆ, ತಬಲಾ ಇದೆ, ತಂಬೂರಿಯ ಶ್ರುತಿ ಇದೆ; ಹಿಂದುಸ್ತಾನಿ ಸಂಗೀತದ ನಡೆಯನ್ನು ಹಾಡು ಮೈಗೂಡಿಸಿಕೊಂಡಿದೆ. ತಬಲಾ ನುಡಿಸಿದ್ದು ಅನಿಲ್ ಭಾಗವತ್. ಆಲ್ಬಮ್ಮಿನ ಹಿಂಬದಿಯಲ್ಲಿ ಅವರ ಹೆಸರು ಅಚ್ಚಾಗಿದೆ. ಹೊರಗಿನ ವಾದಕರ ಹೆಸರು ಹಾಕುವುದು ಆ ಕಾಲಕ್ಕೆ ವಿರಳ. ಅವರಿಗೆ ಫೋನು ಮಾಡಿ ಸಂಜೆ ಜಾರ್ಜ್ ಜೊತೆ ನುಡಿಸಲು ಬಿಡುವಿದೆಯೇ ಎಂದು ಕೇಳಿದವರು ಅಯನ ಅಂಗಡಿ. ಯಾವ ಜಾರ್ಜ್ ಜೊತೆ ನುಡಿಸಬೇಕು ಎಂಬುದು ಭಾಗವತರಿಗೆ ತಿಳಿದದ್ದು ಬಾಗಿಲಿಗೆ ರೋಲ್ಸ್ ರಾಯ್ಸ್ ಬಂದು ನಿಂತಾಗ!

ಅಂಗಡಿ ಎಂದ ಕೂಡಲೇ ನಮಗೆ ಊರು ನೆನಪಾಗುತ್ತದೆ. ಹೌದು, ಅಯನ ದೇವ ಅಂಗಡಿ 1903ರಲ್ಲಿ ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಇಪ್ಪತ್ತರ ದಶಕದಲ್ಲಿ ಲಂಡನ್ನಿಗೆ ಹೋದರು, ಎಡಪಂಥೀಯ ರಾಜಕೀಯದಲ್ಲಿ ಮುಳುಗಿದರು, ಇಂಗ್ಲಿಷ್ ಚಿತ್ರಕಲಾವಿದೆ ಪೆಟ್ರೀಷಿಯಾ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಉತ್ತರ ಲಂಡನ್ನಿನ ಫಿಂಚ್ಲಿಯ ತಮ್ಮ ಮನೆಯಿಂದಲೇ ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ನಡೆಸಿದರು. ಪಿಟೀಲು ದಿಗ್ಗಜ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರು. ‘ನಾರ್ವೀಜಿಯನ್ ವುಡ್’ ಮುದ್ರಣದ ಹೊತ್ತಿನಲ್ಲಿ ಹ್ಯಾರಿಸನ್‌ನ ಸಿತಾರಿನ ತಂತಿ ಕಿತ್ತುಹೋದಾಗ ನೆರವಿಗೆ ಬಂದದ್ದು ಇದೇ ಅಂಗಡಿ ಕುಟುಂಬ. ಆಮೇಲೆ ಜಾರ್ಜ್ ಅವರ ಮನೆಗೆ ಹೋಗಿ ಬರುವವನಾದ. ಜಾರ್ಜ್ ಮತ್ತು ಅವನ ಹೆಂಡತಿ ಪ್ಯಾಟಿಯ ಭಾವಚಿತ್ರವನ್ನು ಪೆಟ್ರೀಷಿಯಾ ಬರೆದರು. 1966ರ ಜೂನ್‌ನಲ್ಲಿ ಪಂಡಿತ್ ರವಿಶಂಕರರನ್ನು ಜಾರ್ಜ್ ಭೇಟಿಯಾದದ್ದೂ ಅವರ ಮನೆಯಲ್ಲೇ. ತಿಂಗಳ ಲೆಕ್ಕ ಹಾಕಿ ನೋಡಿ: ‘ಲವ್ ಯೂ ಟು’ ಮುದ್ರಣವಾದದ್ದು ಏಪ್ರಿಲ್‌ನಲ್ಲಿ. ಅಂದರೆ ಗುರುವಿನ ಮುಖ ನೋಡುವ ಮುನ್ನವೇ ಹುಡುಗ ಇಷ್ಟು ದೂರ ನಡೆದುಬಿಟ್ಟಿದ್ದ!

ಬಾಕ್ಸಿನಲ್ಲಿ ಈ ಹಾಡಿನ ಮೂರು ಹಂತಗಳಿವೆ. ಮೊದಲ ಟೇಕಿನಲ್ಲಿ ಸಿತಾರಿಲ್ಲ, ತಬಲಾ ಇಲ್ಲ. ಜಾರ್ಜ್ ಅಕೂಸ್ಟಿಕ್ ಗಿಟಾರು ಮೀಟುತ್ತ ಹಾಡುತ್ತಾನೆ, ಪಾಲ್ ಜೊತೆಗೆ ದನಿಗೂಡಿಸುತ್ತಾನೆ. ಆಗ ಅದಕ್ಕೆ ಹೆಸರು ಕೂಡ ಇರಲಿಲ್ಲ, ಒಂದು ಜಾತಿಯ ಸೇಬಿನ ಹೆಸರಿನಿಂದ ‘ಗ್ರ್ಯಾನಿ ಸ್ಮಿತ್’ ಎಂದು ಕರೆಯುತ್ತಿದ್ದರು. ಎರಡನೆಯದು ತಾಲೀಮು, ಸಿತಾರಿನ ಮೇಲೆ ಬೆರಳು ಹುಡುಕಾಡುತ್ತಿರುವುದು ಸ್ಪಷ್ಟವಾಗಿ ಕೇಳುತ್ತದೆ. ಏಳನೇ ಟೇಕಿಗೆ ಬರುವಷ್ಟರಲ್ಲಿ ಎಲ್ಲವೂ ತನ್ನ ಜಾಗ ಸೇರಿದೆ, ಪಾಲ್‌ನ ಜೊತೆದನಿ ಮಾತ್ರ ಇನ್ನೂ ಉಳಿದಿದೆ. ಕೊನೆಗೆ ಅದನ್ನೂ ತೆಗೆದರು. ಸಿತಾರ್ ನುಡಿಸಿದ್ದು ಜಾರ್ಜೇ ಅಥವಾ ಮ್ಯೂಸಿಕ್ ಸರ್ಕಲ್ಲಿನ ಬೇರೆ ಕಲಾವಿದರೇ ಎಂಬ ವಾದ ಅಭಿಮಾನಿಗಳಲ್ಲಿ ದಶಕಗಳಿಂದ ನಡೆದಿದೆ. ಈ ತಾಲೀಮಿನ ತುಣುಕು ಬಂದ ಮೇಲೆ ವಾದಕ್ಕೆ ಹೊಸ ಎಣ್ಣೆ ಸಿಕ್ಕಿತು. ನಮ್ಮ ನಾಡಿನ ಒಬ್ಬರು ಮಾಡಿದ ಫೋನಿನಿಂದ ಈ ಹಾಡಿಗೆ ತಬಲಾ ಬಂತಲ್ಲ, ನನಗೆ ಅದನ್ನು ನೆನೆದರೆ ಸಾಕು, ಕೇಳುವ ರುಚಿಯೇ ಬೇರೆಯಾಗುತ್ತದೆ.

‘ಟುಮಾರೊ ನೆವರ್ ನೋಸ್’ ಆಲ್ಬಮ್ಮಿನ ಕೊನೆಯ ಹಾಡು. ಮುದ್ರಣದಲ್ಲಿ ಅದೇ ಮೊದಲನೆಯದು! ಏಪ್ರಿಲ್ 6ರ ರಾತ್ರಿ, ಮೊದಲ ದಿನ, ಮೊದಲ ಕೆಲಸ. ಒಂದೇ ಸ್ವರಮೇಳದ ಮೇಲೆ ನಿಂತ ಹಾಡು, ಕೆಳಗೆ ತಂಬೂರಿ. ಎಮೆರಿಕ್ ರಿಂಗೋನ ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ ಮೈಕನ್ನು ನಿಯಮ ಮೀರಿ ಹತ್ತಿರಕ್ಕೆ ತಂದ. ಲೆನನ್ ದನಿಯನ್ನು ಆರ್ಗನ್ನಿನ ತಿರುಗುವ ಲೆಸ್ಲಿ ಸ್ಪೀಕರಿನೊಳಗೆ ಹಾಯಿಸಿದರು. ಮರುದಿನ, ಪಾಲ್ ಮನೆಯಲ್ಲಿ ಮಾಡಿಕೊಂಡು ತಂದಿದ್ದ ಟೇಪ್ ಉಂಗುರಗಳನ್ನು ಕಟ್ಟಡದ ಬೇರೆ ಬೇರೆ ಕೋಣೆಗಳ ಯಂತ್ರಗಳಿಗೆ ಸಿಕ್ಕಿಸಿ, ಸಿಬ್ಬಂದಿ ಪೆನ್ಸಿಲಿನಿಂದ ಬಿಗಿಹಿಡಿದು ನಿಂತಿರಲು, ಐದೂ ಉಂಗುರಗಳ ದನಿಯನ್ನು ಆ ಕ್ಷಣದಲ್ಲೇ ಏರಿಸುತ್ತ ಇಳಿಸುತ್ತ ಬೆರೆಸಿದರು. ಕಡಲಹಕ್ಕಿ ಕೂಗಿದಂತೆ ಕೇಳುವುದು ವೇಗ ಹೆಚ್ಚಿಸಿದ ಪಾಲ್‌ನ ನಗೆ.

ಇದರ ಒಂದು ರೂಪಕ್ಕಾಗಿ ಸಂಗ್ರಾಹಕರು ಪಟ್ಟ ಪಾಡು ಒಂದು ಪುರಾಣ. ಜುಲೈ ಮಧ್ಯದಲ್ಲಿ, ತಟ್ಟೆಗಳ ಅಚ್ಚು ಶುರುವಾಗುವ ಹೊತ್ತಿಗೆ, ಜಾರ್ಜ್ ಮಾರ್ಟಿನ್ ಮನಸ್ಸು ಬದಲಿಸಿ ಈ ಹಾಡಿನ ಹನ್ನೊಂದನೇ ಮೊನೊ ಮಿಕ್ಸನ್ನು ತೆಗೆದು ಎಂಟನೆಯದನ್ನು ಹಾಕಿಸಿದರು. ಅಷ್ಟರಲ್ಲಿ ಕೆಲವು ತಟ್ಟೆಗಳು ಅಚ್ಚಾಗಿದ್ದವು, ಹಾಗೇ ಅಂಗಡಿಗೂ ಹೋದವು. ಅವನ್ನು ಗುರುತಿಸುವ ಬಗೆ ಒಂದೇ: ತಟ್ಟೆಯ ಎರಡನೇ ಬದಿಯಲ್ಲಿ, ಲೇಬಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ಎಕ್ಸ್‌ಇಎಕ್ಸ್ 606-1 ಎಂದು ಕೊರೆದಿರಬೇಕು. ಹಳೆಯ ರೆಕಾರ್ಡ್ ಅಂಗಡಿಗಳಲ್ಲಿ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಆ ಕೊನೆಯ ಅಂಕಿಯನ್ನು ಹುಡುಕಿದವರು ಎಷ್ಟು ಜನವೋ! ಸಿಕ್ಕವರು ಪುಣ್ಯವಂತರು. ಈಗ ಆ ಮಿಕ್ಸು ಎರಡನೇ ಡಿಸ್ಕಿನ ಎರಡನೇ ಟ್ರ್ಯಾಕಾಗಿ ಎಲ್ಲರ ಕೈಗೂ ಬಂದಿದೆ. ಉಂಗುರಗಳ ದನಿ ಬೇರೆ ಜಾಗಗಳಲ್ಲಿ ಏಳುತ್ತದೆ, ಕೊನೆಯ ಪಿಯಾನೊ ಇನ್ನಷ್ಟು ಹೊತ್ತು ಉಳಿಯುತ್ತದೆ. ಎಂಟೇ ಸರಿ ಎನ್ನುವವರಿದ್ದಾರೆ, ಹನ್ನೊಂದೇ ಸರಿ ಎನ್ನುವವರೂ ಇದ್ದಾರೆ. ನಾನು ಹನ್ನೊಂದರ ಕಡೆ.

ಕೊನೆಯದಾಗಿ ಮುದ್ರಿಸಿದ್ದು ‘ಶೀ ಸೆಡ್ ಶೀ ಸೆಡ್’, ಜೂನ್ 21ರಂದು, ಒಂದೇ ಬೈಠಕ್ಕಿನಲ್ಲಿ. ಜಾನ್ ಮನೆಯಲ್ಲಿ ಗುನುಗಿಕೊಂಡ ಟೇಪು ಬಾಕ್ಸಿನಲ್ಲಿದೆ, ಹದಿನೈದನೇ ಟೇಕಿನ ವಾದ್ಯಗಳ ತಾಲೀಮೂ ಇದೆ. ಲಯ ಬದಲಾಗುವ ಆ ಕಷ್ಟದ ತಿರುವನ್ನು ರಿಂಗೋ ಎಷ್ಟು ಸಲೀಸಾಗಿ ದಾಟುತ್ತಾನೆಂದರೆ, ಡ್ರಮ್ ಕಲಿಯುವ ಹುಡುಗರಿಗೆ ಇದೊಂದೇ ಪಾಠ ಸಾಕು. ಮೂರೇ ದಿನಕ್ಕೆ, ಜೂನ್ 24ರಂದು, ತಂಡ ಜರ್ಮನಿಯ ಮ್ಯೂನಿಕ್‌ನಲ್ಲಿ ವೇದಿಕೆ ಹತ್ತಿತು. ಅಲ್ಲಿಂದ ಆಗಸ್ಟ್ 29ರ ಸ್ಯಾನ್ ಫ್ರಾನ್ಸಿಸ್ಕೊದ ಕೊನೆಯ ಕಛೇರಿಯವರೆಗೆ ‘ಪೇಪರ್‌ಬ್ಯಾಕ್ ರೈಟರ್’ ಹಾಡಿದರು, ಹಳೆಯ ಹಾಡುಗಳನ್ನು ಹಾಡಿದರು. ‘ರಿವಾಲ್ವರ್’ನ ಹದಿನಾಲ್ಕರಲ್ಲಿ ಒಂದನ್ನೂ ಹಾಡಲಿಲ್ಲ, ಆಮೇಲೂ ಆ ನಾಲ್ವರು ಒಟ್ಟಾಗಿ ಎಂದೂ ಹಾಡಲಿಲ್ಲ. ಆದ್ದರಿಂದಲೇ ಈ ಎರಡು ಡಿಸ್ಕುಗಳಿಗೆ ಇಷ್ಟು ಬೆಲೆ. ಬೀಟಲ್ಸ್ ಒಂದೇ ಕೋಣೆಯಲ್ಲಿ ನಿಂತು, ಎಣಿಕೆ ಹಾಕಿಕೊಂಡು, ತಪ್ಪಿ, ನಕ್ಕು, ಮತ್ತೆ ಶುರು ಮಾಡಿ ಈ ಹಾಡುಗಳನ್ನು ನುಡಿಸಿದ್ದನ್ನು ಕೇಳಬೇಕಾದರೆ ಈ ಟೇಕುಗಳಿಗೇ ಬರಬೇಕು. ಇಲ್ಲಿ ಅವರ ಮುಂದೆ ಕಿರುಚುವ ಜನಸಾಗರವಿಲ್ಲ. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ನುಡಿಸುತ್ತಿದ್ದಾರೆ, ರಿಂಗೋನ ಕೋಲು ರಿಮ್ಮಿಗೆ ತಾಗಿದ್ದೂ ನಮಗೆ ಕೇಳುತ್ತದೆ. ಒಳ್ಳೆಯ ಹೆಡ್‌ಫೋನು ಹಾಕಿಕೊಳ್ಳಿ, ವಾಲ್ಯೂಮ್ ಜಾಸ್ತಿ ಮಾಡಿ, ಮೂರನೇ ಡಿಸ್ಕಿನ ಎರಡನೇ ಟ್ರ್ಯಾಕಿನಿಂದ ಶುರು ಮಾಡಿ: ‘ಟ್ಯಾಕ್ಸ್‌ಮನ್’, ಹನ್ನೊಂದನೇ ಟೇಕು.